ಕಲಬುರಗಿಯಲ್ಲಿ ಓಣಂ ಎಲೆ: ಮೊದಲು ಕಾಯಿ ಎಣಿಸಿ

ಓಣಂ ಊಟ ಅಂದ ಕೂಡಲೇ ಎಲ್ಲರೂ ಪಲ್ಯಗಳ ಹೆಸರು ಎಣಿಸಲು ಕೂಡುತ್ತಾರೆ. ಇಪ್ಪತ್ತಾರೋ ಇಪ್ಪತ್ತೆಂಟೋ ಅಂತ ಸಣ್ಣ ಜಗಳವೂ ಆಗುತ್ತದೆ. ಕಲಬುರಗಿಯಲ್ಲಿ ಇದ್ದುಕೊಂಡು ಈ ಊಟ ಮಾಡುವವರು ಮೊದಲು ಎಣಿಸಬೇಕಾದದ್ದು ಪಲ್ಯ ಅಲ್ಲ, ತೆಂಗಿನಕಾಯಿ. ಇಲ್ಲಿ ಓಣಂ ಅಡುಗೆ ಕೆಡುವುದು ಯಾವುದೋ ಒಂದು ಕಾಯಿಪಲ್ಯ ಸಿಗಲಿಲ್ಲ ಅಂತ ಅಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕಾಯಿ ಮುಗಿದು, ಓಲನ್‌ಗೆ (ಬೂದುಗುಂಬಳದ ಪಲ್ಯ) ನೀರಾದ ಕಾಯಿಹಾಲು, ಪ್ರಥಮನ್‌ಗೆ (ಬೆಲ್ಲ–ಕಾಯಿಹಾಲಿನ ಪಾಯಸ) ಅಂಗಡಿಯ ಕಾಯಿಹಾಲು ಪುಡಿ ಬಂತು ಅಂತ ಕೆಡುತ್ತದೆ.

ಹತ್ತು ಜನರ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಅವಿಯಲ್‌ಗೆ (ಬೆರಕೆ ಕಾಯಿಪಲ್ಯ) 1, ಕಾಳನ್‌ಗೆ (ಹುಳಿ ಮೊಸರಿನ ಗಟ್ಟಿ ಪಲ್ಯ) 1, ಎರಿಶ್ಶೇರಿಗೆ (ಹುರಿದ ಕಾಯಿ ಹಾಕುವ ಪಲ್ಯ) 1, ಓಲನ್‌ನ ಹಾಲಿಗೆ 1, ತೋರನ್ (ಒಣ ಪಲ್ಯ), ಕೂಟುಕರಿ (ಕಡಲೆ ಪಲ್ಯ), ಪಚ್ಚಡಿ, ಕಿಚ್ಚಡಿಗೆ (ಎರಡೂ ಮೊಸರಿನವು) ಅರ್ಧರ್ಧ, ಪಾಯಸಕ್ಕೆ 3. ಒಟ್ಟು 9. ಒಡೆದಾಗ ಒಂದೆರಡು ಕೆಟ್ಟೇ ಇರುತ್ತವೆ, ಹಾಗಾಗಿ 11. ಇದು ದೊಡ್ಡ ಕಾಯಿಯ ಲೆಕ್ಕ. ನಮ್ಮ ಕಡೆ ಅಡುಗೆಮನೆ ನಡೆಯುವುದು ಶೇಂಗಾ, ಎಳ್ಳು, ಗುರೆಳ್ಳು, ಒಣ ಕೊಬ್ಬರಿ ಮೇಲೆ. ಹಸಿ ಕಾಯಿ ಅಂದರೆ ದೇವರ ಮುಂದೆ ಒಡೆಯುವುದು. ಇಲ್ಲಿಯ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತ ಸಿಗುವುದು ಬಹುಮಟ್ಟಿಗೆ ಆ ಪೂಜೆ ಕಾಯಿಯೇ: ಸಣ್ಣದು, ದಕ್ಷಿಣದ ಜಿಲ್ಲೆಗಳಿಂದ ಲಾರಿಯಲ್ಲಿ ಬಂದು ಅಂಗಡಿಯಲ್ಲಿ ಕೆಲವು ದಿನ ಕೂತದ್ದು. ಅಂಥದ್ದಾದರೆ 14 ತನ್ನಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ನೀರು ತುಂಬಿದ್ದರೆ ಸಪ್ಪಳ ಕಡಿಮೆ, ಕಾಯಿ ಭಾರ. ಗುಳುಗುಳು ಜೋರಾಗಿ ಕೇಳಿದರೆ ನೀರು ಅರ್ಧಕ್ಕೆ ಇಳಿದಿದೆ, ಒಳಗೆ ಕೊಬ್ಬರಿ ಆಗುತ್ತಾ ಬಂದಿದೆ. ಅದನ್ನು ಹುರಿದು ಹಾಕುವ ಎರಿಶ್ಶೇರಿಗೆ, ಕೂಟುಕರಿಗೆ ಎತ್ತಿಡಿ. ಹಾಲು ತೆಗೆಯಲು ಮಾತ್ರ ಬೇಡ. ಹಿಂಡಿದಷ್ಟೂ ಎಣ್ಣೆ ಜಿಡ್ಡು ಬರುತ್ತದೆ, ಬಿಳಿ ಹಾಲು ಬರುವುದಿಲ್ಲ.

ಕಾಯಿಯನ್ನು ಹಬ್ಬದ ಹಿಂದಿನ ದಿನ ಕೊಳ್ಳಬೇಡಿ. ತಿರುವೋಣಂ, ಅಂದರೆ ಓಣಂನ ಮುಖ್ಯ ದಿನ, ಮಲಯಾಳಂ ಪಂಚಾಂಗದ ಚಿಂಗಂ ತಿಂಗಳ ಶ್ರವಣ ನಕ್ಷತ್ರದ ದಿನ. 2024ರಲ್ಲಿ ಸೆಪ್ಟೆಂಬರ್ 15ಕ್ಕೆ ಬಂತು, 2025ರಲ್ಲಿ ಸೆಪ್ಟೆಂಬರ್ 5, 2026ರಲ್ಲಿ ಆಗಸ್ಟ್ 26. ಹೀಗೆ ಹಿಂದೆಮುಂದೆ ಜಾರುತ್ತಾ ಅದು ನಮ್ಮ ಶ್ರಾವಣದ ವ್ರತಗಳಿಗೋ ಗಣಪತಿಗೋ ಹತ್ತಿರ ಬಂದು ನಿಲ್ಲುತ್ತದೆ. ಆ ವಾರ ಕಾಯಿ, ಬಾಳೆಹಣ್ಣು, ಹೂವು ಮೂರೂ ತುಟ್ಟಿ. ಐದಾರು ದಿನ ಮುಂಚೆ ತಂದು ಜುಟ್ಟು ಕೀಳದೆ ನೆರಳಲ್ಲಿಡಿ.

ಕೇರಳದಿಂದಲೇ ಬರಬೇಕಾದದ್ದು

ನಾಲ್ಕೇ ನಾಲ್ಕು: ನೇಂದ್ರ ಬಾಳೆಕಾಯಿ, ಮಟ್ಟ ಅಕ್ಕಿ, ಅಡ (ಪಾಯಸಕ್ಕೆ ಹಾಕುವ ಅಕ್ಕಿಹಿಟ್ಟಿನ ಒಣ ಚೂರು), ಪಪ್ಪಡಂ (ಉಬ್ಬುವ ಕೇರಳದ ಹಪ್ಪಳ). ಉಳಿದದ್ದೆಲ್ಲ ಇಲ್ಲೇ ಆಗುತ್ತದೆ, ಕೆಲವಂತೂ ಇಲ್ಲಿಯದೇ ಮೇಲು.

ಮಟ್ಟ, ಅಡ, ಪಪ್ಪಡಂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹದಿನೈದು ದಿನ ಮುಂಚೆ ಹೇಳಿಬಿಡಿ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿಯ ಮಲಯಾಳಿ ಅಂಗಡಿಗಳಲ್ಲಿ ಓಣಂ ವಾರದಲ್ಲಿ ನೇಂದ್ರ ಗೊನೆಯೇ ನೇತಾಡುತ್ತಿರುತ್ತದೆ. ಕಲಬುರಗಿ, ಯಾದಗಿರಿಯವರಿಗೆ ರೈಲು ಉಪಕಾರಿ. ಕನ್ಯಾಕುಮಾರಿ–ಪುಣೆ ಎಕ್ಸ್‌ಪ್ರೆಸ್ ಪಾಲಕ್ಕಾಡ್ ದಾಟಿ ಇದೇ ದಾರಿಯಲ್ಲಿ ಹಾಯುತ್ತದೆ, ಹೆಚ್ಚೂಕಡಿಮೆ ಒಂದು ಹಗಲು ಒಂದು ರಾತ್ರಿ. ಊರಿಗೆ ಹೋದ ನರ್ಸಕ್ಕ, ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯದ ಹುಡುಗರು, ಯಾರಾದರೂ ಬರುವವರಿದ್ದರೆ ಚೀಲದಲ್ಲಿ ಬೇರೆ ಏನೂ ಬೇಡ, ನೇಂದ್ರ ಕಾಯಿ ತನ್ನಿ ಅಂತ ಹೇಳಿ. ಬೆಳೆದ ಕಾಯಿ ಆಗಿರಬೇಕು, ಆದರೆ ಪೂರಾ ಹಸಿರು. ಚಿಪ್ಪು ಬಿಡಿಸಿ, ಒಂದೊಂದು ಚಿಪ್ಪನ್ನೂ ಕಾಗದದಲ್ಲಿ ಸುತ್ತಿ ತರಬೇಕು. ಹಣ್ಣಿನ ಜತೆ ಒಂದೇ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಬಣ್ಣ ತಿರುಗುತ್ತವೆ. ತೊಟ್ಟಿನಲ್ಲಿ ಹಳದಿ ಕಂಡರೆ ಆ ಕಾಯಿ ಚಿಪ್ಸ್‌ಗೆ ಆಗುವುದಿಲ್ಲ. ಒಳಗಿನ ಹಿಟ್ಟು ಸಕ್ಕರೆಯಾಗಲು ಶುರುವಾಗಿದೆ. ಎಣ್ಣೆಗೆ ಬಿದ್ದರೆ ಕೆಂಪಗಾಗುತ್ತದೆ, ಗರಿಗರಿ ಆಗುವುದಿಲ್ಲ. ಅದನ್ನು ಹಣ್ಣಾಗಲು ಬಿಟ್ಟು ಎಲೆಗೆ ಹಣ್ಣಾಗಿಯೇ ಇಡಿ.

ಇಲ್ಲಿಯ ಬಾಳೆಕಾಯಿಯಲ್ಲಿ ಚಿಪ್ಸ್ ಆಗುವುದಿಲ್ಲವೇ? ಆಗುತ್ತದೆ, ಆದರೆ ಅದು ಬಾಳೆಕಾಯಿ ಸಂಡಿಗೆಯಂತೆ ತೆಳ್ಳಗೆ, ಎರಡು ದಿನಕ್ಕೆ ಮೆತ್ತಗೆ. ನೇಂದ್ರದಲ್ಲಿ ನೀರಿನಂಶ ಕಡಿಮೆ, ಹಿಟ್ಟು ಜಾಸ್ತಿ. ಬೆಲ್ಲ ಹಚ್ಚುವ ಶರ್ಕರ ಉಪ್ಪೇರಿಗೆ ದಪ್ಪ ತುಂಡು ಬೇಕು, ಅದಂತೂ ಇಲ್ಲಿಯ ಕಾಯಿಯಲ್ಲಿ ಬರುವುದೇ ಇಲ್ಲ. ನೇಂದ್ರ ಸಿಗದಿದ್ದರೆ ಚಿಪ್ಸ್ ಎರಡನ್ನೂ ಮಲಯಾಳಿ ಬೇಕರಿಯಿಂದ ಕೊಂಡುಬಿಡಿ. ಅಲ್ಲಿ ಹಠ ಬೇಡ.

ಮನೆಯಲ್ಲೇ ಕರಿಯುವವರಿಗೆ: ಮೂರೂವರೆ ಕೆಜಿ ಕಾಯಿಗೆ ಸುಮಾರು ಒಂದು ಕೆಜಿ ಚಿಪ್ಸ್. ಕೈಗೆ ಎಣ್ಣೆ ಹಚ್ಚಿಕೊಂಡು ಸಿಪ್ಪೆ ತೆಗೆದು, ಅರಿಸಿನ ಕದಡಿದ ನೀರಲ್ಲಿ ಕಾಲು ಗಂಟೆ ಹಾಕಿ, ಒರೆಸಿ, ನೇರವಾಗಿ ಕಾದ ಎಣ್ಣೆಯ ಮೇಲೆಯೇ ಹೆರೆಯಿರಿ. ತಟ್ಟೆಯಲ್ಲಿ ಹೆರೆದಿಟ್ಟರೆ ಒಂದಕ್ಕೊಂದು ಅಂಟುತ್ತವೆ. ಶುರುವಿಗೆ ಕಡಾಯಿ ಚರ್ರೆಂದು ಕೂಗುತ್ತದೆ, ನೊರೆ ಏಳುತ್ತದೆ. ನೊರೆ ಅರ್ಧ ಇಳಿದಾಗ ಗಟ್ಟಿ ಉಪ್ಪುನೀರು ಒಂದು ಚಮಚ ಎಣ್ಣೆಗೇ ಹಾಕಬೇಕು. ಸಿಡಿಯುತ್ತದೆ, ಮುಖ ಹಿಂದಕ್ಕಿಡಿ. ಆಮೇಲೆ ಸಪ್ಪಳ ತೆಳುವಾಗುತ್ತಾ ಬಂದು, ಜಾಲರಿಯಿಂದ ಕೆದಕಿದರೆ ಒಣ ಎಲೆಯಂತೆ ಗರಗರ ಅನ್ನುತ್ತದೆ. ಆಗ ಎತ್ತಿ. ಉಪ್ಪನ್ನು ಮೇಲಿಂದ ಉದುರಿಸಿದರೆ ತಳದಲ್ಲಿ ಉಳಿಯುತ್ತದೆಯೇ ಹೊರತು ಚಿಪ್ಸ್‌ಗೆ ಹತ್ತುವುದಿಲ್ಲ.

ಮಟ್ಟ ಅಕ್ಕಿಯ ವಿಷಯ. ಇದು ಕುದಿಸಿ ಒಣಗಿಸಿದ ಅಕ್ಕಿ, ಕೆಂಪು ತವುಡು ಪೂರಾ ಹೋಗಿರುವುದಿಲ್ಲ; ಪಾಲಕ್ಕಾಡಿನ ಮಟ್ಟಕ್ಕೆ ಜಿಐ (ಭೌಗೋಳಿಕ) ಗುರುತೂ ಇದೆ. ನಮ್ಮ ಸೋನಾ ಮಸೂರಿಯ ಅಳತೆ ಇದಕ್ಕೆ ನಡೆಯುವುದಿಲ್ಲ. 10 ಜನರಿಗೆ 1 ಕೆಜಿ ಸಾಕು. ಒಂದು ಗಂಟೆ ನೆನೆಸಿ, 5 ಲೀಟರ್ ಕುದಿಯುವ ನೀರಿಗೆ ಹಾಕಿ, ಮುಚ್ಚಳ ಓರೆಯಿಟ್ಟು 40–50 ನಿಮಿಷ ಬೇಯಿಸಿ ಗಂಜಿ ಬಸಿಯಿರಿ. ಕುಕ್ಕರ್ ಆದರೆ 1ಕ್ಕೆ 4 ನೀರು, ನಾಲ್ಕೈದು ಸೀಟಿ, ಆವಿ ತಾನಾಗಿ ಇಳಿದ ಮೇಲೆ ಬಸಿಯಬೇಕು. ಬಸಿಯದೆ ಇಂಗಿಸಿದರೆ ಮುದ್ದೆಯಾಗುತ್ತದೆ. ಮಟ್ಟ ಸಿಗಲಿಲ್ಲವೋ, ಮಂಗಳೂರು ಕಡೆಯ ಕೆಂಪು ಕುಚ್ಚಲಕ್ಕಿ ಹತ್ತಿರದ ನೆಂಟ. ಅದೂ ಇಲ್ಲದಿದ್ದರೆ ಶಹಾಪುರ, ಸುರಪುರದ ಸೋನಾ ಮಸೂರಿಯೇ ಇರಲಿ, ಸಾಂಬಾರಿಗೆ ಯಾರೂ ಬೇಡ ಅನ್ನುವುದಿಲ್ಲ.

ಪಪ್ಪಡಂ ಬದಲು ಇಲ್ಲಿಯ ಉದ್ದಿನ ಹಪ್ಪಳ ಕರಿದಿಡುವವರಿದ್ದಾರೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಉಬ್ಬುವುದಿಲ್ಲ. ಪಪ್ಪಡಂ ಚೆಂಡಿನಂತೆ ಉಬ್ಬಿ, ಬೇಳೆ–ತುಪ್ಪ ಕಲಸಿದ ಅನ್ನದ ಮೇಲೆ ಪುಡಿಯಾಗಿ ಬೀಳಬೇಕು, ಅದಕ್ಕೇ ಅದು. ಹಳೆ ಸ್ಟಾಕ್ ಆದರೆ ಕರಿದಾಗ ಕೆಂಪಗಾಗಿ ಉಬ್ಬದೆ ಉಳಿಯುತ್ತದೆ, ಪ್ಯಾಕೆಟ್ ಮೇಲಿನ ತಾರೀಕು ನೋಡಿ.

ಎಣ್ಣೆಯ ಜಗಳ

ನಮ್ಮ ಕಡೆ ಕೊಬ್ಬರಿ ಎಣ್ಣೆ ಅಂದರೆ ತಲೆಗೆ. ಅಡುಗೆಗೆ ಅಂತ ಕೇಳಿದರೆ ಕಿರಾಣಿಯವರು ಒಮ್ಮೆ ಮುಖ ನೋಡುತ್ತಾರೆ. ಬಾಟಲಿಯ ಮೇಲೆ ಖಾದ್ಯ ಎಣ್ಣೆ ಅಂತ ಬರೆದಿದೆಯೋ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೋ ನೋಡಿ ಕೊಳ್ಳಿ. ವಾಸನೆ ಬೆರೆಸಿದ ಕೇಶ ತೈಲ ಬೇಡ. ಕರಿಯುವುದು ಬಿಟ್ಟು 10 ಜನರ ಅಡುಗೆಗೆ ಅರ್ಧ ಲೀಟರ್ ಬೇಕು.

ಎಲ್ಲಿ ಬದಲಿಸಬಹುದು, ಎಲ್ಲಿ ಕೂಡದು? ಪಪ್ಪಡಂ, ಮೆಳುಕ್ಕುಪುರಟ್ಟಿ (ಎಣ್ಣೆಯಲ್ಲಿ ಹುರಿದ ಪಲ್ಯ), ಸಾಂಬಾರಿನ ಒಗ್ಗರಣೆಗೆ ಶೇಂಗಾ ಎಣ್ಣೆ ನಡೆಯುತ್ತದೆ. ಅವಿಯಲ್, ಓಲನ್‌ಗೆ ಬಿಲ್ಕುಲ್ ಇಲ್ಲ. ಅವೆರಡಕ್ಕೂ ಒಗ್ಗರಣೆಯೇ ಇಲ್ಲ. ಒಲೆ ಆರಿಸಿ ಮೇಲೆ ಸುರಿಯುವ ಹಸಿ ಎಣ್ಣೆ, ಕೈಯಲ್ಲಿ ಹಿಸುಕಿ ಹಾಕುವ ಕರಿಬೇವು, ಇಷ್ಟೇ ಅವುಗಳ ಪರಿಮಳ. ಅಲ್ಲಿ ಕುಸುಬಿ ಎಣ್ಣೆ ಹಾಕಿದರೆ ಅದು ಬೇರೆ ಯಾವುದೋ ಪಲ್ಯ.

ಮಾರ್ಕೆಟ್‌ನಲ್ಲಿ

ಕಲಬುರಗಿಯ ಕಣ್ಣಿ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋದರೆ ನುಗ್ಗಿಕಾಯಿ, ಪಡವಲಕಾಯಿ, ಕುಂಬಳಕಾಯಿ, ಗಜ್ಜರಿ, ಹಸಿಮೆಣಸಿನಕಾಯಿ, ಬಾಳೆಕಾಯಿ ಎಲ್ಲ ಸಿಗುತ್ತವೆ. ತೊಡಕು ಮೂರರಲ್ಲಿ.

ಒಂದು ಬೂದುಗುಂಬಳ. ಇಲ್ಲಿ ಅದು ತಿನ್ನುವ ವಸ್ತುವಿಗಿಂತ ದೃಷ್ಟಿಗೆ ಕಟ್ಟುವ ವಸ್ತು. ಅಮಾವಾಸ್ಯೆ ಹತ್ತಿರ ರಾಶಿ ಬೀಳುತ್ತದೆ, ಉಳಿದ ದಿನ ಹುಡುಕಬೇಕು. ಎಳೇದು ಬೇಕು, ಕತ್ತರಿಸಿ ಕೊಡಿ ಅಂದರೆ, "ಯಾಕ್ರೀ ಅಕ್ಕೋರೆ, ಮನಿಗಿ ಕಟ್ಲಾಕಲ್ಲೇನ್ರೀ?" ಅಂತಾರೆ. ಕಟ್ಟಲು ಮಾರುವುದು ಮೈತುಂಬ ಬೂದಿ ಹಿಡಿದ ಬಲಿತ ಕಾಯಿ. ಓಲನ್‌ಗೆ ಎಳೇದೇ ಚಂದ: ಉಗುರು ಊರಿದರೆ ಇಳಿಯಬೇಕು, ಬೀಜ ಮೆತ್ತಗಿರಬೇಕು. ಬಲಿತದ್ದೇ ಸಿಕ್ಕರೆ ಬೀಜದ ಭಾಗ ಪೂರಾ ಕೆತ್ತಿ ತೆಗೆದು, ತೆಳ್ಳಗೆ ಚೌಕ ಹೆಚ್ಚಿ. ಓಲನ್‌ನಷ್ಟು ಸುಲಭದ್ದು ಬೇರೆ ಇಲ್ಲ: ಅರ್ಧ ಕೆಜಿ ಕುಂಬಳ, ಬೇಯಿಸಿದ ಕೆಂಪು ಅಲಸಂದಿ ಕಾಳು 100 ಗ್ರಾಂ, ಸೀಳಿದ ಹಸಿಮೆಣಸಿನಕಾಯಿ 6, ಉಪ್ಪು, ಬೆಂದ ಮೇಲೆ ಒಂದು ಬಟ್ಟಲು ಗಟ್ಟಿ ಕಾಯಿಹಾಲು, ಕುದಿಸದೆ ಬಿಸಿ ಮಾಡಿ ಇಳಿಸಿ ಎಣ್ಣೆ. ಅರಿಸಿನ ಇಲ್ಲ, ಖಾರದ ಪುಡಿ ಇಲ್ಲ, ಜೀರಿಗೆ ಇಲ್ಲ. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುತ್ತದೆ, ಇರಲಿ. ಪಕ್ಕದಲ್ಲಿ ಇಂಜಿಪುಳಿ (ಶುಂಠಿ–ಹುಣಸೆ ಗೊಜ್ಜು) ಕೂತಿರುವುದೇ ಅದಕ್ಕೆ.

ಎರಡನೆಯದು ಸೂರಣಗಡ್ಡಿ. ಹೊಸದಾಗಿ ಅಗೆದದ್ದು ಗಂಟಲು ಕೆರೆಯುತ್ತದೆ. ಕೆಲವು ವಾರ ಇಟ್ಟು ಒಣಗಿದ್ದು ಒಳ್ಳೆಯದು. ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಮಜ್ಜಿಗೆ ಇಲ್ಲವೇ ಹುಣಸೆ ನೀರಲ್ಲಿ ಅರ್ಧ ಗಂಟೆ ಬಿಟ್ಟು ಆ ನೀರು ಚೆಲ್ಲಿ. ಅವಿಯಲ್‌ಗೆ ಹಾಕುವ ಮುಂಚೆ ಒಂದು ತುಂಡು ಬೇಯಿಸಿ ತಿಂದು ನೋಡುವುದು ಬುದ್ಧಿವಂತಿಕೆ. ಹತ್ತು ಜನರ ಗಂಟಲು ಒಟ್ಟಿಗೆ ಕೆರೆದರೆ ಹಬ್ಬ ಅಲ್ಲಿಗೇ ಮುಗಿಯಿತು.

ಮೂರನೆಯದು ಮಾವಿನಕಾಯಿ. ಆಗಸ್ಟ್ ಅಂತ್ಯಕ್ಕೆ ಹಸಿ ಮಾವು ಎಲ್ಲಿ? ಅವಿಯಲ್‌ನ ಹುಳಿಗೆ ಮೊಸರು ಹಾಕಿ. ಉಪ್ಪಿನಕಾಯಿಗೆ ಬೇಸಿಗೆಯಲ್ಲಿ ಹಾಕಿಟ್ಟದ್ದು ಬಳಸಿ, ಇಲ್ಲದಿದ್ದರೆ ಬಿಡಿ, ನಿಂಬೆ ಸಾಕು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ತೆಳು ಸಿಪ್ಪೆಯದು, ರಸ ಜಾಸ್ತಿ. ಇಡೀ ಹಣ್ಣನ್ನು ಹತ್ತು ನಿಮಿಷ ಹಬೆಯಲ್ಲಿಟ್ಟು ಹೆಚ್ಚಿದರೆ ಎರಡೇ ದಿನಕ್ಕೆ ಮೆತ್ತಗಾಗಿ ಖಾರ ಹಿಡಿಯುತ್ತದೆ.

ಬಾಳೆ ಎಲೆಯನ್ನು ಹೂವಿನ ಅಂಗಡಿಯಲ್ಲಿ ಮೂರು ದಿನ ಮುಂಚೆ ಹೇಳಿಟ್ಟರೆ ತರಿಸಿ ಕೊಡುತ್ತಾರೆ. ತುದಿ ಇರುವ ಎಲೆ ಬೇಕು ಅಂತ ಒತ್ತಿ ಹೇಳಿ. ಪೂಜೆಗೆ ಅಂತ ಕಂಬದ ಜತೆ ಬರುವ ಎಲೆಗಳು ಸೀಳಿರುತ್ತವೆ. ಸಿಗದಿದ್ದರೆ ಮುತ್ತುಗದ ಪತ್ರಾವಳಿಯಲ್ಲಿ ಬಡಿಸಿ. ಓಲನ್, ರಸಂ ಮಾತ್ರ ಬಟ್ಟಲಲ್ಲಿ, ಇಲ್ಲದಿದ್ದರೆ ಹೊಲಿಗೆ ಸಂದಿಯಲ್ಲಿ ಇಳಿದುಹೋಗುತ್ತದೆ.

ನಮ್ಮ ನೆಲ ಗೆಲ್ಲುವ ಕಡೆ

ತೊಗರಿಬೇಳೆ. ಇದನ್ನು ಹೇಳಬೇಕಾಗಿಯೇ ಇಲ್ಲ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಸಿಕ್ಕಿತು. ಸಾಂಬಾರಿಗೆ ಕಲಬುರಗಿಯ ನೆಹರು ಗಂಜ್ ಪೇಟೆಯ ಬೇಳೆ ತಂದರೆ ಮುಗಿಯಿತು. ಆದರೆ ಎಲೆಗೆ ಮೊದಲು ಬೀಳುವ 'ಪರಿಪ್ಪು' ತೊಗರಿಯದಲ್ಲ, ಹೆಸರುಬೇಳೆಯದು. ಇಲ್ಲಿಯ ಮನೆಗಳಲ್ಲಿ ಆಗುವ ಮೊದಲ ತಪ್ಪೇ ಇದು. 250 ಗ್ರಾಂ ಹೆಸರುಬೇಳೆಯನ್ನು ಒಣ ಕಡಾಯಿಯಲ್ಲಿ ಪರಿಮಳ ಬರುವವರೆಗೆ ಹುರಿದು, ಗಟ್ಟಿಯಾಗಿ ಬೇಯಿಸಿ, ಕಾಯಿ–ಜೀರಿಗೆ ಸ್ವಲ್ಪ ಅರೆದು ಸೇರಿಸುವುದು. ಮೇಲೆ ತುಪ್ಪ. ಬ್ಯಾಳಿ ಅಂತ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಲು ಕೈ ಹೋಗುತ್ತದೆ, ತಡೆಯಿರಿ. ಹಳೆ ಪದ್ಧತಿಯ ಎಲೆಯಲ್ಲಿ ಉಳ್ಳಾಗಡ್ಡಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. (ಕಣ್ಣೂರು, ಕೋಳಿಕ್ಕೋಡ್ ಕಡೆ ಓಣಂ ಎಲೆಗೆ ಮೀನು, ಕೋಳಿಯೂ ಬರುತ್ತದೆ, ಅದನ್ನು ಕೇಳಿ ತ್ರಿಶ್ಶೂರಿನವರು ಹುಬ್ಬೇರಿಸುತ್ತಾರೆ. ಆ ಜಗಳ ಅವರಿಗೇ ಬಿಡೋಣ.)

ಬೋರ್ ನೀರಿನ ವಿಷಯ ಒಂದು ಮಾತು. ಇದು ಸುಣ್ಣಕಲ್ಲಿನ ಸೀಮೆ, ನೀರು ಗಡಸು. ಅಲಸಂದಿ, ಕಡಲೆ ಎಷ್ಟು ನೆನೆಸಿದರೂ ಬೇಯದೆ ಸತಾಯಿಸುತ್ತವೆ. ನೆನೆಸಲು, ಬೇಯಿಸಲು ಫಿಲ್ಟರ್ ನೀರು ಬಳಸಿ. ಉಪ್ಪು, ಹುಣಸೆ ಕೊನೆಗೆ.

ಮೊಸರು. ಕಾಳನ್‌ಗೆ ಎಮ್ಮೆ ಮೊಸರಿಗಿಂತ ಒಳ್ಳೆಯದು ಸಿಗುವುದಿಲ್ಲ. 1 ಲೀಟರ್ ಮೊಸರನ್ನು ಎರಡು ದಿನ ಹೊರಗಿಟ್ಟು ಹುಳಿ ಬರಿಸಿ, ನೀರು ಹಾಕದೆ ಕಡೆಯಿರಿ. ಸೂರಣ 250 ಗ್ರಾಂ, ಬಾಳೆಕಾಯಿ 2, ಕಾಳುಮೆಣಸಿನ ಪುಡಿ ಒಂದೂವರೆ ಚಮಚ, ಅರಿಸಿನ, ಉಪ್ಪು ಹಾಕಿ ನೀರು ಪೂರಾ ಆರುವವರೆಗೆ ಬೇಯಿಸಿ. ಆಮೇಲೆ ಮೊಸರು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲು ತೆಳುವಾಗಿ ಹೆದರಿಸುತ್ತದೆ. ಆಮೇಲೆ ಅಂಚಿನಲ್ಲಿ ನೊರೆ, ಆಮೇಲೆ ಗುಳ್ಳೆ, ಸುಮಾರು ಅರ್ಧ ಗಂಟೆಗೆ ಅರ್ಧಕ್ಕಿಳಿದು ಚಮಚಕ್ಕೆ ಮೆತ್ತುತ್ತದೆ. ಕೈ ಬಿಟ್ಟರೆ ಒಡೆಯುತ್ತದೆ. ಒಡೆದ ಮೊಸರನ್ನು ಯಾವ ಉಪಾಯವೂ ಕೂಡಿಸುವುದಿಲ್ಲ. ಎಮ್ಮೆ ಮೊಸರಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಒಡೆಯುವ ಭಯ ಕಡಿಮೆ. ಕೊನೆಗೆ ಕಾಯಿ, ಜೀರಿಗೆ, ಹಸಿಮೆಣಸಿನಕಾಯಿ ನುಣ್ಣಗೆ ಅರೆದು ಸೇರಿಸಿ, ನಾಲ್ಕೈದು ನಿಮಿಷ ಬಿಟ್ಟು ಇಳಿಸಿ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಹುರಿದ ಮೆಂತ್ಯದ ಪುಡಿ ಕಾಲು ಚಮಚ, ಹೆಚ್ಚಾದರೆ ಕಹಿ.

ಶುಂಠಿ. ಬೀದರ್ ಶುಂಠಿ ಬೆಳೆಯುವ ಜಿಲ್ಲೆ, ಹುಣಸೆ ಹಣ್ಣಂತೂ ಮನೆಮನೆಯಲ್ಲಿ ಇದೆ. ಇಂಜಿಪುಳಿಗೆ ಇನ್ನೇನು ಬೇಕು? ಶುಂಠಿ 250 ಗ್ರಾಂ, ಹುಣಸೆ 100, ಬೆಲ್ಲ 125, ಹಸಿಮೆಣಸಿನಕಾಯಿ 8. ಶುಂಠಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿಯಬೇಕು. ತುರಿದರೆ ರಸ ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ, ಹಸಿ ಖಾರ ಉಳಿಯುತ್ತದೆ. ಮಳೆಗಾಲದ ಎಳೆ ಶುಂಠಿ ನೀರು ನೀರು, ಇನ್ನೂ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಕಪ್ಪಾದ ಹಳೆ ಹುಣಸೆ ಹಾಕಿದರೆ ಬಣ್ಣ ತಾನಾಗಿ ಬರುತ್ತದೆ. ಎಣ್ಣೆ ಬದಿಗೆ ಬಿಡುವವರೆಗೆ ಕುದಿಸಿ. ಇದನ್ನು ಮೂರು ದಿನ ಮುಂಚೆಯೇ ಮಾಡಿ, ಕೂತಷ್ಟೂ ರುಚಿ.

ಅವಿಯಲ್ ಯಾಕೆ ಖಿಚಡಿ ಆಗುತ್ತದೆ

ಮೂರು ಕಾರಣ. ಕಾಯಿಪಲ್ಯವನ್ನು ಸಾಂಬಾರಿಗೆ ಹೆಚ್ಚಿದಂತೆ ಚೌಕ ಹೆಚ್ಚುತ್ತಾರೆ. ಬೆರಳುದ್ದ, ಬೆರಳಿಗಿಂತ ತೆಳ್ಳಗೆ ಇರಬೇಕು. ನೀರು ಹಾಕುತ್ತಾರೆ, 1 ಕೆಜಿ ಹೋಳಿಗೆ ಅರ್ಧ ಬಟ್ಟಲು ಸಾಕು, ಕುಂಬಳ–ಪಡವಲ ತಾವೇ ನೀರು ಬಿಡುತ್ತವೆ. ಎಲ್ಲ ಒಟ್ಟಿಗೆ ಹಾಕುತ್ತಾರೆ. ಸೂರಣ, ಬಾಳೆಕಾಯಿ, ಗಜ್ಜರಿ ಮೊದಲು, ನುಗ್ಗಿ, ಬೀನ್ಸ್ ಆಮೇಲೆ, ಕುಂಬಳ, ಪಡವಲ ಕೊನೆಗೆ. ಕಾಯಿಯನ್ನು ಜೀರಿಗೆ, ಹಸಿಮೆಣಸಿನಕಾಯಿ ಜತೆ ತರಿತರಿ ಜಜ್ಜಿದಂತೆ ಇರಲಿ, ಚಟ್ನಿ ಮಾಡಬೇಡಿ. ಮೊಸರನ್ನು ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಹಾಕಿ. ಬದನೆಕಾಯಿ, ಟೊಮೆಟೊ, ಹೂಕೋಸು ಬೇಡ. ಚಮಚದಿಂದ ಕಲಸುವ ಬದಲು ಬೋಗುಣಿ ಹಿಡಿದು ಎರಡು ಸಲ ಕುಲುಕಿ.

ತೋರನ್, ಎರಿಶ್ಶೇರಿ, ಕೂಟುಕರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪಲ್ಯ ಮಾಡಿ ಗೊತ್ತಿರುವ ಕೈಗೆ ಅವು ಬರುತ್ತವೆ. ಪಚ್ಚಡಿಯಲ್ಲಿ ಒಂದೇ ಎಚ್ಚರ: ಸಾಸಿವೆಯನ್ನು ಕಾಯಿಯೊಂದಿಗೆ ನುಣ್ಣಗೆ ಅರೆಯಬೇಡಿ, ಕಾಯಿ ಅರೆದಾದ ಮೇಲೆ ಹಾಕಿ ಮಿಕ್ಸಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಕು. ಜಾಸ್ತಿ ಅರೆದರೆ ಕಹಿ.

ಪಾಯಸ

ಅಡ ಪ್ರಥಮನ್‌ಗೆ ಪ್ಯಾಕೆಟ್ ಅಡ 200 ಗ್ರಾಂ, ಬೆಲ್ಲ 450 ಗ್ರಾಂ, ಕಾಯಿ 3. ಮೊದಲ ಹಾಲನ್ನು ಬಿಸಿನೀರು ಸ್ವಲ್ಪವೇ ಹಾಕಿ ಹಿಂಡಿ ತೆಗೆದರೆ ಒಂದೂವರೆ ಬಟ್ಟಲು, ಎರಡನೆಯದು 3 ಬಟ್ಟಲು, ಮೂರನೆಯದು 4. ಅಡವನ್ನು ಕುದಿಯುವ ನೀರಿಗೆ ಹಾಕಿ ಮುಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ತಣ್ಣೀರಲ್ಲಿ ಎರಡು ಸಲ ತೊಳೆದು ಗಂಜಿ ಕಳೆಯಿರಿ. ತೊಳೆಯದಿದ್ದರೆ ಪಾಯಸ ಅಂಟಂಟು. ಒಂದು ತುಂಡು ಬೆರಳಲ್ಲಿ ಹಿಸುಕಿ: ನಡುವೆ ಬಿಳಿ ಗಟ್ಟಿ ಗೆರೆ ಕಂಡರೆ ಇನ್ನೂ ಆಗಿಲ್ಲ. ಅಡ ಪೂರಾ ಮೆತ್ತಗಾಗುವವರೆಗೆ ಬೆಲ್ಲದ ಹತ್ತಿರ ಒಯ್ಯಬೇಡಿ, ಬೆಲ್ಲ ಮುಟ್ಟಿದ ಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ಕರಗಿಸಿ ಸೋಸಿದ ಬೆಲ್ಲದಲ್ಲಿ ಅಡವನ್ನು ತುಪ್ಪ ಹಾಕಿ ಹೂರಣದಂತೆ ತಳ ಬಿಡುವವರೆಗೆ ತಿರುವಿ. ಹೋಳಿಗೆ ಮಾಡಿ ಗೊತ್ತಿರುವವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಮೂರನೇ ಹಾಲು ಹಾಕಿ ಅರ್ಧಕ್ಕಿಳಿಸಿ, ಎರಡನೇ ಹಾಲು ಹಾಕಿ ಮತ್ತೆ ಗಟ್ಟಿ ಮಾಡಿ. ಒಲೆ ಆರಿಸಿ ಮೊದಲ ಹಾಲು, ಒಣಶುಂಠಿ ಪುಡಿ 1 ಚಮಚ, ಹುರಿದ ಜೀರಿಗೆ ಪುಡಿ ಅರ್ಧ, ಏಲಕ್ಕಿ. ಮೊದಲ ಹಾಲು ಕುದಿದರೆ ಒಡೆದು ಎಣ್ಣೆ ತೇಲುತ್ತದೆ. ತುಪ್ಪದಲ್ಲಿ ಕರಿದ ಕಾಯಿ ಚೂರು, ಗೋಡಂಬಿ ಮೇಲೆ. ಆರಿದಂತೆ ಗಟ್ಟಿಯಾಗುತ್ತದೆ, ಸ್ವಲ್ಪ ತೆಳುವಿರುವಾಗಲೇ ನಿಲ್ಲಿಸಿ. ಬೆಲ್ಲ ಕಪ್ಪಗಿದ್ದಷ್ಟು ಒಳ್ಳೆಯದು. ಹಳದಿಯಾಗಿ ಹೊಳೆಯುವ ಬೆಲ್ಲ ಬಣ್ಣವನ್ನೂ ಕೊಡುವುದಿಲ್ಲ, ರುಚಿಯನ್ನೂ ಕೊಡುವುದಿಲ್ಲ.

ಅಡ ಸಿಗದಿದ್ದರೆ ಶಾವಿಗೆ ಪಾಯಸಕ್ಕೆ ಇಳಿಯಬೇಡಿ. ಕೇರಳದಲ್ಲೇ ಗೋಧಿ ನುಚ್ಚಿನ ಪ್ರಥಮನ್ ಇದೆ, ಮತ್ತು ಹುಗ್ಗಿ ಉಣ್ಣುವ ಈ ಸೀಮೆಗೆ ಅದಕ್ಕಿಂತ ಹತ್ತಿರದ್ದು ಯಾವುದು? ಹುಗ್ಗಿಗೆ ತರುವ ಕುಟ್ಟಿದ ಗೋಧಿಯನ್ನೇ 200 ಗ್ರಾಂ ರಾತ್ರಿ ನೆನೆಸಿ, ತುಪ್ಪದಲ್ಲಿ ಹುರಿದು, ಕುಕ್ಕರ್‌ನಲ್ಲಿ ಆರು ಸೀಟಿ ಬೇಯಿಸಿ, ಬೆಲ್ಲ ಮತ್ತು ಮೂರು ಹಾಲು ಮೇಲಿನಂತೆಯೇ. ಹಳೆ ಪ್ಯಾಕೆಟ್ ಅಡದ ಪ್ರಥಮನ್‌ಗಿಂತ ಇದು ಎಷ್ಟೋ ಮೇಲು, ನಮ್ಮ ಮಟ್ಟಿಗೆ.

ಹೊತ್ತು ಮತ್ತು ಬಡಿಸುವಿಕೆ

ಮೂರು ದಿನ ಮುಂಚೆ ಇಂಜಿಪುಳಿ, ನಿಂಬೆ ಉಪ್ಪಿನಕಾಯಿ. ಎರಡು ದಿನ ಮುಂಚೆ ಚಿಪ್ಸ್. ಹಿಂದಿನ ರಾತ್ರಿ ಕಾಳನ್, ಕಾಳು ನೆನೆಸುವುದು, ಸೂರಣ ಹೆಚ್ಚುವುದು. ಕಾಳನ್‌ನದು ಬಿಟ್ಟು ಉಳಿದ ಕಾಯಿ ತುರಿಯುವುದು, ಅರೆಯುವುದು ಮಾತ್ರ ಹಬ್ಬದ ಬೆಳಿಗ್ಗೆಯೇ. ಇಲ್ಲಿಯ ಸೆಖೆಗೆ ರಾತ್ರಿ ಅರೆದು ಹಾಗೇ ಇಟ್ಟದ್ದು ಬೆಳಿಗ್ಗೆ ಹುಳಿ ವಾಸನೆ ಹೊಡೆಯುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆರು ಗಂಟೆಗೇ ಮಿಕ್ಸಿ ಕೆಲಸ ಮುಗಿಸಿ. ಪಾಯಸ ಮೊದಲು, ಅವಿಯಲ್ ಮತ್ತು ಓಲನ್ ಕೊನೆಗೆ, ಪಪ್ಪಡಂ ಎಲೆ ಹಾಕಿದ ಮೇಲೆ. ಹಾಸ್ಟೆಲ್ ಕೋಣೆಯಲ್ಲಿ ಒಂದೇ ಇಂಡಕ್ಷನ್ ಒಲೆ ಇರುವವರು ಅನ್ನ, ಪರಿಪ್ಪು, ಅವಿಯಲ್, ಇಂಜಿಪುಳಿ, ಪಪ್ಪಡಂ, ಪಾಯಸ ಇಷ್ಟಕ್ಕೆ ನಿಲ್ಲಿಸಿ, ಸಾಂಬಾರು ಹೊರಗಿನಿಂದ ತನ್ನಿ.

ಎಲೆಯ ಚೂಪು ತುದಿ ಉಣ್ಣುವವರ ಎಡಕ್ಕೆ. ಚಿಪ್ಸ್, ಇಂಜಿಪುಳಿ, ಉಪ್ಪಿನಕಾಯಿ ಎಡ ತುದಿಯಲ್ಲಿ, ಪಲ್ಯಗಳು ಮೇಲಿನ ಅರ್ಧದಲ್ಲಿ ಎಡದಿಂದ ಬಲಕ್ಕೆ, ಅನ್ನ ಕೆಳಗೆ ನಡುವೆ. ಮೊದಲ ಅನ್ನಕ್ಕೆ ಪರಿಪ್ಪು–ತುಪ್ಪ–ಪಪ್ಪಡಂ, ಆಮೇಲೆ ಸಾಂಬಾರು, ಆಮೇಲೆ ಪಾಯಸ, ಕೊನೆಗೆ ಮತ್ತೆ ಸ್ವಲ್ಪ ಅನ್ನಕ್ಕೆ ರಸಂ, ಮಜ್ಜಿಗೆ. ಪಾಯಸವನ್ನು ನಡುವೆ ಬಡಿಸಿದಾಗ ನಮ್ಮವರು ಊಟ ಮುಗಿಯಿತು ಅಂದುಕೊಂಡು ಎದ್ದುಬಿಡುತ್ತಾರೆ, ಮುಂಚೆಯೇ ಹೇಳಿಡಿ. ಸಿಹಿಯನ್ನು ಎಲೆಯ ಮೇಲೆಯೇ ಸುರಿದು, ಹಣ್ಣು, ಪಪ್ಪಡಂ ಹಿಸುಕಿ ಕಲಸಿ ತಿನ್ನುವುದನ್ನೂ ತೋರಿಸಿಕೊಡಬೇಕು. ಉಂಡ ಮೇಲೆ ಎಲೆ ಮಡಚುವುದು ತಮ್ಮ ಕಡೆಗೆ.

ಉಳಿದದ್ದರಲ್ಲಿ ಅವಿಯಲ್, ಓಲನ್, ಪಚ್ಚಡಿ ಆ ರಾತ್ರಿಯೇ ಖಾಲಿ ಮಾಡಿ, ಕಾಯಿ ತಡೆಯುವುದಿಲ್ಲ. ಕಾಳನ್ ಮತ್ತು ಇಂಜಿಪುಳಿ ಮೂರು ದಿನ ಇರುತ್ತವೆ. ಮೂರನೇ ದಿನದ ಗಟ್ಟಿ ಕಾಳನ್‌ಗೆ ಅನ್ನ ಹುಡುಕಬೇಡಿ, ಕಟಕ ಜೋಳದ ರೊಟ್ಟಿ ಮುರಿದು ಅದ್ದಿಕೊಳ್ಳಿ.